ಹಳೆಯ ವಿಮಾನಗಳ ಛಾಯಾಗ್ರಹಣ: ಓಲ್ಡ್ ವಾರ್ಡನ್‌ನಲ್ಲಿ ನನ್ನ ಅನುಭವ

ಹಾರುತ್ತಿರುವ ಹಳೆಯ ವಿಮಾನದ ಚಿತ್ರ ತೆಗೆಯಲು ನಿಂತಾಗ ನಾನು ಮೊದಲು ತೀರ್ಮಾನಿಸುವುದು ಶಟರ್ ವೇಗವನ್ನು, ಅಂದರೆ ಕ್ಯಾಮೆರಾದೊಳಕ್ಕೆ ಬೆಳಕು ಬೀಳುವ ಅವಧಿಯನ್ನು. ಜೆಟ್ ವಿಮಾನವನ್ನು 1/1000 ಸೆಕೆಂಡಿನಲ್ಲಿ ಸೆರೆಹಿಡಿದರೆ ಚಿತ್ರಕ್ಕೆ ಏನೂ ಕುಂದಿಲ್ಲ. ಪ್ರೊಪೆಲ್ಲರ್ ವಿಮಾನಕ್ಕೂ ಅದೇ ವೇಗವನ್ನಿಟ್ಟರೆ ಅಲಗುಗಳು ನಿಶ್ಚಲವಾಗಿ ಕಂಡು, ವಿಮಾನವು ದಾರಕ್ಕೆ ಕಟ್ಟಿದ ಆಟಿಕೆಯಂತೆ ತೋರುತ್ತದೆ.

ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನಲ್ಲಿರುವ ಓಲ್ಡ್ ವಾರ್ಡನ್ ಹುಲ್ಲುಹಾಸಿನ ಪುಟ್ಟ ವಿಮಾನ ನಿಲ್ದಾಣ. 1940ರಲ್ಲಿ ವಾಯುಪಡೆಯ ಹಾರಾಟದ ವೇಳೆ ಮೃತಪಟ್ಟ ರಿಚರ್ಡ್ ಶಟಲ್‌ವರ್ತ್ ಸಂಗ್ರಹಿಸಿದ್ದ ವಿಮಾನಗಳಿಂದ ಆರಂಭವಾದ ಇಲ್ಲಿನ ಸಂಗ್ರಹದಲ್ಲಿ ದುರಸ್ತಿಗೊಂಡ ವಿಮಾನಗಳನ್ನು ಇಂದಿಗೂ ಹಾರಿಸುತ್ತಾರೆ. ಶಟರ್ ವೇಗದ ಲೆಕ್ಕವನ್ನು ನಾನು ಕಲಿತದ್ದು ಇಲ್ಲಿಯ ಆವ್ರೊ 504ಕೆ ಎಂಬ ಮೊದಲ ಮಹಾಯುದ್ಧದ ಕಾಲದ ವಿಮಾನದಿಂದ. ಅದರ ಎರಡು ಅಲಗಿನ ಪ್ರೊಪೆಲ್ಲರ್ ನಿಮಿಷಕ್ಕೆ ಸುಮಾರು 1,200 ಸುತ್ತು ತಿರುಗುತ್ತದೆ ಎಂದುಕೊಂಡರೆ, 1/1000 ಸೆಕೆಂಡಿನಲ್ಲಿ ಅಲಗು ಚಲಿಸುವುದು ಬರೀ 7 ಡಿಗ್ರಿ. 1/125ರಲ್ಲಿ 58 ಡಿಗ್ರಿ. 1/60ರಲ್ಲಿ 120 ಡಿಗ್ರಿ. ಹಾರಾಟಕ್ಕೆ ನಾನು 1/125ನ್ನು ಆಯ್ದುಕೊಳ್ಳುತ್ತೇನೆ, ಏಕೆಂದರೆ 1/60ರಲ್ಲಿ ಅಲಗಿನ ಮಸುಕು ಸೊಗಸಾಗಿ ಮೂಡಿದರೂ ವಿಮಾನದ ಮೈಯೇ ಅಲುಗಿಹೋದ ಚಿತ್ರಗಳು ರಾಶಿ ಬೀಳುತ್ತವೆ. ಬಹುತೇಕ ವಿಮಾನಗಳಲ್ಲಿ ನೆಲದ ಮೇಲೆ ಉರುಳುವಾಗ ಎಂಜಿನ್ನಿನ ವೇಗ ತಗ್ಗಿರುವುದರಿಂದ ಆಗ ಶಟರನ್ನೂ ಇನ್ನಷ್ಟು ನಿಧಾನಗೊಳಿಸಬೇಕಾಗುತ್ತದೆ.

ಪಾದಗಳನ್ನು ವಿಮಾನವು ನನ್ನೆದುರಿಗೆ ಬರುವ ದಿಕ್ಕಿಗೆ ಊರಿ, ಸೊಂಟವನ್ನು ಮಾತ್ರ ಹಿಂದಕ್ಕೆ ತಿರುಗಿಸಿ, ಅದು ದೂರದಲ್ಲಿರುವಾಗಲೇ ಲೆನ್ಸಿನಲ್ಲಿ ಹಿಡಿದು ಅದರೊಂದಿಗೆ ಸಾಗುತ್ತೇನೆ. ಗುಂಡಿ ಒತ್ತಿದ ಮೇಲೂ ಸೊಂಟ ತಿರುಗುತ್ತಲೇ ಇರಬೇಕು. ಈ 504ಕೆ ವಿಮಾನದ ಎಂಜಿನ್ನಿನ ಸಿಲಿಂಡರುಗಳು ಪ್ರೊಪೆಲ್ಲರಿನೊಡನೆ ತಾವೂ ತಿರುಗುತ್ತವೆ. ಇಳಿಯುವಾಗ ಪೈಲಟ್ ಕಿಡಿಯನ್ನು ಆಗಾಗ ಕಡಿದು ಮತ್ತೆ ಕೊಡುವುದರಿಂದ ಸದ್ದು ತುಂಡುತುಂಡಾಗಿ ಕೇಳಿಸುತ್ತದೆ. ಎಂಜಿನ್ನಿಗೆ ಕೀಲೆಣ್ಣೆಯಾಗಿ ಹಾಕುವುದು ನಮ್ಮ ಹರಳೆಣ್ಣೆಯನ್ನೇ. ಉರಿಯದ ಎಣ್ಣೆ ಹೊರಚಿಮ್ಮಿ ವಿಮಾನದ ಮೈಯೆಲ್ಲ ಜಿಡ್ಡಾಗುತ್ತದೆ. ಆ ಕಲೆಗಳನ್ನು ಕಂಪ್ಯೂಟರಿನಲ್ಲಿ ಅಳಿಸುವವರಿದ್ದಾರೆ, ನಾನು ಅಳಿಸುವುದಿಲ್ಲ. ವಿಮಾನ ನಿಜಕ್ಕೂ ಹಾರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಚಿತ್ರದಲ್ಲಿ ಬೇರೆ ಸಿಗದು.

ಬೆಳಕನ್ನು ಅಳೆಯುವ ಕೆಲಸವನ್ನು ಕ್ಯಾಮೆರಾಗೆ ಬಿಡುವುದು ಇಲ್ಲಿ ನನಗೆ ಒಗ್ಗಿಲ್ಲ. ಪ್ರೇಕ್ಷಕರು ನಿಲ್ಲುವ ಸಾಲು ಬಾಗಿರುವುದರಿಂದ ವಿಮಾನಗಳು ಅದನ್ನು ಬಳಸಿಕೊಂಡು ಓರೆಯಾಗಿ ಹಾದು, ರೆಕ್ಕೆಗಳ ಮೇಲ್ಭಾಗವನ್ನೂ ತೋರಿಸುತ್ತವೆ. ಒಂದೇ ಸುತ್ತಿನಲ್ಲಿ ಹಿನ್ನೆಲೆ ಬಿಳಿ ಆಕಾಶದಿಂದ ಕಡುಹಸಿರು ಮರಗಳಿಗೆ ಬದಲಾದಾಗ ಸ್ವಯಂಚಾಲಿತ ಎಕ್ಸ್‌ಪೋಷರ್ ತಬ್ಬಿಬ್ಬಾಗುತ್ತದೆ. ಆದ್ದರಿಂದ ಬಿಸಿಲು ಬಿದ್ದ ಹುಲ್ಲಿನ ಮೇಲೆ ಬೆಳಕನ್ನು ಅಳೆದು, ಮೋಡ ಕವಿಯುವವರೆಗೂ ಅದನ್ನೇ ಉಳಿಸಿಕೊಳ್ಳುತ್ತೇನೆ. ಬೆಳ್ಳಿಬಣ್ಣದ ಹಾಕರ್ ಹೈಂಡ್ ವಿಮಾನ ಬಂದರೆ ಮಾತ್ರ ಬೆಳಕನ್ನು ಇನ್ನೂ ಅರ್ಧ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ) ಇಳಿಸುತ್ತೇನೆ, ಇಲ್ಲವಾದರೆ ಅದರ ಹೊಳೆಯುವ ಲೋಹದ ಮೂತಿ ಬರೀ ಬಿಳಿಯಾಗುತ್ತದೆ. ಅಫ್ಘಾನಿಸ್ತಾನದ ವಾಯುಪಡೆಯಲ್ಲಿದ್ದ ಈ ವಿಮಾನ 1970ರಲ್ಲಿ ಕಾಬೂಲಿನಿಂದ ಇಲ್ಲಿಗೆ ರಸ್ತೆಯಲ್ಲೇ ಬಂತು.

ಹ್ಯಾಂಗರಿನೊಳಗೆ ಟ್ರೈಪಾಡ್ ಇದ್ದರೆ ಸಾಕು. ಕಿಟಕಿಯ ಬೆಳಕು ರೆಕ್ಕೆಯ ಮೇಲೆ ಅಡ್ಡಲಾಗಿ ಬೀಳುವ ಕಡೆ ನಿಂತರೆ, ರೆಕ್ಕೆಗೆ ಹೊದಿಸಿದ ಬಟ್ಟೆಯನ್ನು ಒಳಗಿನ ಪಕ್ಕೆಲುಬಿನಂಥ ಪಟ್ಟಿಗಳಿಗೆ ಬಿಗಿಯಲು ಹಾಕಿ, ಮೇಲೆ ಬಟ್ಟೆಯ ಪಟ್ಟಿಯಿಂದ ಮುಚ್ಚಿದ ಹೊಲಿಗೆಯ ಗಂಟುಗಳು ಒಂದೊಂದಾಗಿ ಉಬ್ಬಿ ಕಾಣುತ್ತವೆ. ಎದುರಿನಿಂದ ಫ್ಲ್ಯಾಶ್ ಹಾಕಿದರೆ ಅವೆಲ್ಲ ಮಾಯವಾಗುತ್ತವೆ.

1909ರ ಬ್ಲೇರಿಯೊ ವಿಮಾನಕ್ಕೆ ಈ ಲೆಕ್ಕಗಳನ್ನೆಲ್ಲ ಸಡಿಲಿಸಬೇಕು. ಗಾಳಿ ಪೂರ್ತಿ ಅಡಗಿದಾಗ ಮಾತ್ರ, ಸಾಮಾನ್ಯವಾಗಿ ಸಂಜೆಯ ಪ್ರದರ್ಶನದ ಕೊನೆಗೆ, ಅದನ್ನು ಹೊರತರುತ್ತಾರೆ. ಅದು ಎತ್ತರಕ್ಕೇರದೆ ಹುಲ್ಲಿನ ಮೇಲೆ ನೇರವಾಗಿ ಸ್ವಲ್ಪ ದೂರ ತೇಲಿ ಇಳಿಯುತ್ತದೆ. ಅಷ್ಟು ಹೊತ್ತಿಗೆ ಬೆಳಕು ಕುಗ್ಗಿರುವುದರಿಂದ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿ, ಶಟರನ್ನು 1/80ಕ್ಕೆ ಇಳಿಸಿ, ಮಂಡಿಯೂರಿ ಕೂರುತ್ತೇನೆ. ನಿಂತು ತೆಗೆದರೆ ಚಕ್ರಗಳು ಹುಲ್ಲಿನೊಂದಿಗೆ ಬೆರೆತು ಅದು ನೆಲದಲ್ಲೇ ಇದ್ದಂತೆ ಕಾಣುತ್ತದೆ. ಕೆಳಗಿನಿಂದ ನೋಡಿದರಷ್ಟೇ ಚಕ್ರಕ್ಕೂ ಹುಲ್ಲಿಗೂ ನಡುವಿನ ಆಕಾಶದ ಗೆರೆ ಚಿತ್ರದಲ್ಲಿ ಸಿಗುತ್ತದೆ.