ಬೇರಿನ ಆಕಾರಕ್ಕೆ ತಕ್ಕ ಪೋಸ್ಟ್: ಒಂದು ಬಾಚಿಹಲ್ಲಿನಲ್ಲಿ ನಾನು ಮಾಡಿದ್ದು

ಮೇಲ್ದವಡೆಯ ನಡುವಿನ ಬಾಚಿಹಲ್ಲೊಂದಕ್ಕೆ ಹಿಂದೆಂದೋ ಕೂರಿಸಿದ್ದ ಎರಕದ ಲೋಹದ ಪೋಸ್ಟ್ (ಬೇರಿನ ನಾಳದೊಳಗೆ ಇಳಿಸುವ ಕಡ್ಡಿ) ಸಡಿಲಗೊಂಡು, ಕ್ರೌನ್ (ಹಲ್ಲಿಗೆ ತೊಡಿಸುವ ಕವಚ) ಸಮೇತ ಕಳಚಿ ಬಂದ ಸ್ಥಿತಿಯಲ್ಲಿ ರೋಗಿಯೊಬ್ಬರು ನನ್ನ ಬಳಿಗೆ ಬಂದರು. ಆ ಹಲ್ಲಿನ ಒಸಡಿನಂಚಿನಲ್ಲಿ ಬಹುಕಾಲದಿಂದ ಬೂದುಬಣ್ಣದ ನೆರಳು ಕಾಣುತ್ತಿದೆ ಎಂಬುದು ಅವರ ಹಳೆಯ ದೂರು. ಬೆಳಕು ಹಾಯುವ ಸೆರಾಮಿಕ್ ಕ್ರೌನ್‌ನ ಒಳಗೆ ಲೋಹವಿದ್ದರೆ ಹೀಗಾಗುವುದುಂಟು. ಬೇರಿನಲ್ಲಿ ಬಿರುಕು ಇರಲಿಲ್ಲ. ಆದರೆ ಸಡಿಲಗೊಂಡ ಪೋಸ್ಟ್‌ನ ಪಕ್ಕದಿಂದ ಜೊಲ್ಲು ಒಳಗಿಳಿದಿರುವ ಸಾಧ್ಯತೆ ಇದ್ದುದರಿಂದ ಮೊದಲು ಬೇರುನಾಳ ಚಿಕಿತ್ಸೆಯನ್ನೇ ಮತ್ತೊಮ್ಮೆ ಮಾಡಿದೆ. ಯೂಜಿನಾಲ್ (ಲವಂಗದೆಣ್ಣೆಯ ಅಂಶ) ಇರುವ ಸೀಲರ್, ಅಂದರೆ ನಾಳವನ್ನು ಮುಚ್ಚುವ ಲೇಪ, ಮುಂದೆ ಪೋಸ್ಟನ್ನು ಅಂಟಿಸುವ ರೆಸಿನ್ ಸಿಮೆಂಟ್ ಗಟ್ಟಿಯಾಗುವುದಕ್ಕೆ ಅಡ್ಡಿಯಾಗಬಲ್ಲದೆಂದು ಅದನ್ನು ಬಳಸಲಿಲ್ಲ.

ಪೋಸ್ಟ್ ಹಾಕಿದರೆ ಹಲ್ಲು ಬಲಗೊಳ್ಳುತ್ತದೆ ಎಂಬ ನಂಬಿಕೆ ಇನ್ನೂ ಅನೇಕರಲ್ಲಿದೆ. ಪೋಸ್ಟ್‌ನ ಕೆಲಸ ಕ್ರೌನ್‌ಗೆ ಆಧಾರವಾಗುವ ಕೋರ್ ಅನ್ನು ಹಿಡಿದಿಡುವುದಷ್ಟೆ. ಹಲ್ಲಿನ ಬಾಳಿಕೆಗೆ ಅದಕ್ಕಿಂತ ಮುಖ್ಯವಾದುದು ಒಸಡಿನ ಮೇಲೆ ಸುತ್ತಲೂ ಉಳಿದಿರುವ ಗಟ್ಟಿ ಡೆಂಟಿನ್ (ಎನಾಮೆಲ್‌ನ ಒಳಗಿರುವ ಹಲ್ಲಿನ ಪದಾರ್ಥ). ಉಳಿಯ ಮರದ ಹಿಡಿ ಸೀಳದಂತೆ ಅದರ ಬಾಯಿಗೆ ಬಳೆ ತೊಡಿಸುವ ಹಾಗೆ, ಕ್ರೌನ್ ಈ ಡೆಂಟಿನನ್ನು ಸುತ್ತುವರಿದು ಹಿಡಿಯುತ್ತದೆ. ಇದಕ್ಕೇ ಫೆರುಲ್ ಎನ್ನುತ್ತೇವೆ. ಈ ಹಲ್ಲಿನಲ್ಲಿ ಅಂಗುಳಿನ ಕಡೆ 2 ಮಿ.ಮೀ., ತುಟಿಯ ಕಡೆ ಸುಮಾರು 1.5 ಮಿ.ಮೀ. ಎತ್ತರ ಸಿಕ್ಕಿತು. ಅಷ್ಟೂ ಇಲ್ಲದಿದ್ದರೆ ಬೇರನ್ನು ಮೆಲ್ಲಗೆ ಹೊರಕ್ಕೆಳೆಯುವ ಆರ್ಥೊಡಾಂಟಿಕ್ ಚಿಕಿತ್ಸೆಯ ಮಾತನ್ನು ಮೊದಲು ಎತ್ತುತ್ತಿದ್ದೆ.

ಹಳೆಯ ಪೋಸ್ಟ್ ತೆಗೆದ ಮೇಲೆ ನಾಳದ ಬಾಯಿ ಆಲಿಕೆಯಂತೆ ಅಗಲವಾಗಿತ್ತು. ಸಿದ್ಧವಾಗಿ ಸಿಗುವ ದುಂಡು ಫೈಬರ್ ಪೋಸ್ಟ್ ಹಾಕಿದ್ದರೆ ಸುತ್ತಲಿನ ಖಾಲಿ ಜಾಗವನ್ನೆಲ್ಲ ಸಿಮೆಂಟೇ ತುಂಬಬೇಕಿತ್ತು. ದಪ್ಪನಾದ ಸಿಮೆಂಟ್ ಪದರದಲ್ಲಿ ಗಾಳಿಗುಳ್ಳೆಗಳು ಉಳಿಯುತ್ತವೆ, ಗಟ್ಟಿಯಾಗುವಾಗ ಅದು ಕುಗ್ಗುತ್ತದೆ, ಆಗ ಅಂಟು ಬಿಡಲು ದಾರಿಯಾಗುತ್ತದೆ. ಆದ್ದರಿಂದ ನಾಳದ ಆಕಾರಕ್ಕೇ ಹೊಂದುವಂತೆ ಪೋಸ್ಟ್ ಮತ್ತು ಕೋರ್ ಅನ್ನು ಕಂಪ್ಯೂಟರ್‌ನಲ್ಲಿ ಒಂದೇ ತುಂಡಾಗಿ ರೂಪಿಸಿ ಮಿಲ್ಲಿಂಗ್ ಯಂತ್ರದಲ್ಲಿ ಕೊರೆಸಲು ನಿರ್ಧರಿಸಿದೆ. ಬಿಳಿಬಣ್ಣದ ಜಿರ್ಕೋನಿಯಾವೂ ಒಂದು ಆಯ್ಕೆಯೇ. ಆದರೆ ಡೆಂಟಿನ್‌ನ ಸ್ಥಿತಿಸ್ಥಾಪಕತ್ವದ ಮಾಪಾಂಕ (ವಸ್ತುವಿನ ಬಿಗುವಿನ ಅಳತೆ) ಸುಮಾರು 18 ಗಿಗಾಪಾಸ್ಕಲ್ ಇದ್ದರೆ ಜಿರ್ಕೋನಿಯಾದ್ದು 200ರ ಆಸುಪಾಸಿನಲ್ಲಿದೆ. ಅಷ್ಟು ಬಿಗುವಾದ ವಸ್ತು ತಾನು ಬಾಗದೆ ಒತ್ತಡವನ್ನು ಬೇರಿಗೆ ದಾಟಿಸುತ್ತದೆ, ಒಳಗೆ ಮುರಿದರೆ ಅದನ್ನು ಹೊರತೆಗೆಯುವುದು ಬಹಳ ಕಷ್ಟ. ಗಾಜಿನ ಎಳೆಗಳ ಫೈಬರ್ ಬ್ಲಾಕ್ ಡೆಂಟಿನ್‌ಗೆ ಇದಕ್ಕಿಂತ ಎಷ್ಟೋ ಹತ್ತಿರದ ಗುಣವುಳ್ಳದ್ದು. ಅದು ಸೋತರೂ ಸಾಮಾನ್ಯವಾಗಿ ಅಂಟು ಬಿಟ್ಟು ಸೋಲುತ್ತದೆ, ಬೇರು ಸೀಳುವ ಸಂಭವ ಕಡಿಮೆ. ನಾನು ಅದನ್ನೇ ಆರಿಸಿಕೊಂಡೆ.

ಬೇರಿನ ಉದ್ದ 13 ಮಿ.ಮೀ. ಇತ್ತು. ತುದಿಯಲ್ಲಿ 4 ಮಿ.ಮೀ. ಗಟ್ಟಾಪರ್ಚಾ (ನಾಳಕ್ಕೆ ತುಂಬುವ ರಬ್ಬರಿನಂಥ ವಸ್ತು) ಬಿಟ್ಟರೂ ನಡೆಯುತ್ತಿತ್ತು, ಆದರೆ ಒಮ್ಮೆ ಸೋಂಕಿನ ಅನುಮಾನ ಬಂದಿದ್ದ ಹಲ್ಲಾದ್ದರಿಂದ 5 ಮಿ.ಮೀ. ಉಳಿಸಿ, ಪೋಸ್ಟ್‌ಗೆ 8 ಮಿ.ಮೀ. ಆಳ ಸಾಕೆಂದುಕೊಂಡೆ.

ನಾನು ಎಡವಿದ್ದು ಸ್ಕ್ಯಾನಿಂಗ್‌ನಲ್ಲಿ. ಬಾಯೊಳಗಿನ ಸ್ಕ್ಯಾನರ್‌ನಿಂದ ನೇರವಾಗಿ ನಾಳವನ್ನು ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಕಂಡ ಚಿತ್ರ ನಯವಾಗಿ, ಪೂರ್ಣವಾಗಿಯೇ ಇತ್ತು. ಪ್ರಯೋಗಕ್ಕಾಗಿ ಪೋಸ್ಟ್ ಕೂರಿಸಿ ಎಕ್ಸ್‌ರೇ ತೆಗೆದಾಗ ಅದರ ತುದಿಗೂ ಗಟ್ಟಾಪರ್ಚಾಕ್ಕೂ ನಡುವೆ 2 ಮಿ.ಮೀ. ಕಪ್ಪು ಖಾಲಿ ಜಾಗ ಕಾಣಿಸಿತು. ಸ್ಕ್ಯಾನರ್‌ನ ಬೆಳಕು ಕಿರಿದಾದ ನಾಳದ ತಳವನ್ನು ಮುಟ್ಟಿರಲಿಲ್ಲ. ಕಾಣದ ಭಾಗವನ್ನು ತಂತ್ರಾಂಶ ತನ್ನ ಅಂದಾಜಿನಿಂದ ತುಂಬಿತ್ತು. ಆ ಪೋಸ್ಟನ್ನು ಬದಿಗಿಟ್ಟು, ನಾಳದೊಳಗೆ ತೆಳುವಾದ ಸಿಲಿಕೋನ್ ಇಳಿಸಿ, ಪ್ಲಾಸ್ಟಿಕ್ ಕಡ್ಡಿಯ ಆಧಾರದಲ್ಲಿ ಅಚ್ಚು ತೆಗೆದು, ಆ ಅಚ್ಚನ್ನೇ ಸ್ಕ್ಯಾನ್ ಮಾಡಿದೆ. ಅಚ್ಚಿನಲ್ಲಿ ನಾಳದ ತಳವೇ ಹೊರಚಾಚಿದ ತುದಿಯಾಗುವುದರಿಂದ ಬೆಳಕು ಅದನ್ನು ಸುತ್ತಲಿಂದಲೂ ಮುಟ್ಟುತ್ತದೆ.

ಬ್ಲಾಕಿನಲ್ಲಿ ವಿನ್ಯಾಸವನ್ನು ಕೂರಿಸುವಾಗ ಎಳೆಗಳ ದಿಕ್ಕನ್ನು ಗಮನಿಸಲೇಬೇಕು. ಎಳೆಗಳು ಪೋಸ್ಟ್‌ನ ಉದ್ದಕ್ಕೆ ಸಮಾನಾಂತರವಾಗಿ ಹರಿದರೆ ಮಾತ್ರ ಅದರ ಬಲ ಉಳಿಯುತ್ತದೆ. ಯಂತ್ರದ ಸಮಯ ಅಥವಾ ವಸ್ತು ಉಳಿಸಲೆಂದು ಓರೆಯಾಗಿ ಕೂರಿಸಿದರೆ ಎಳೆಗಳು ಅಡ್ಡಲಾಗಿ ತುಂಡಾಗುತ್ತವೆ. ತುದಿಯನ್ನು 1 ಮಿ.ಮೀ.ಗಿಂತ ತೆಳ್ಳಗಾಗಲು ಬಿಡಲಿಲ್ಲ.

ಎರಡನೆಯ ಪೋಸ್ಟ್ ಒತ್ತದೆಯೇ ತಳದವರೆಗೆ ಇಳಿಯಿತು, ಎಕ್ಸ್‌ರೇಯಲ್ಲೂ ಅದು ಖಚಿತವಾಯಿತು. ಅಂಟಿಸುವ ದಿನ ರಬ್ಬರ್ ಡ್ಯಾಮ್ (ಜೊಲ್ಲು ತಗಲದಂತೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ) ಕಟ್ಟಿ, ನಾಳದ ಗೋಡೆಗಳಲ್ಲಿ ಸೀಲರ್‌ನ ಲೇಪ ಉಳಿದಿಲ್ಲವೆಂದು ಹಿಗ್ಗಿಸಿ ತೋರಿಸುವ ಲೂಪ್‌ನಲ್ಲಿ ನೋಡಿಕೊಂಡೆ. ನಾಳ ತೊಳೆಯಲು ಬಳಸುವ ಸೋಡಿಯಂ ಹೈಪೊಕ್ಲೋರೈಟ್ ಕೊನೆಯ ದ್ರಾವಣವಾದರೆ ಅದು ಬಿಟ್ಟುಹೋಗುವ ಆಮ್ಲಜನಕ ರೆಸಿನ್ ಗಟ್ಟಿಯಾಗುವುದನ್ನು ತಡೆಯುತ್ತದೆ; ಹಾಗಾಗಿ 17% ಇಡಿಟಿಎ (ನಾಳದ ಗೋಡೆಯ ಪುಡಿಪದರ ಕರಗಿಸುವ ದ್ರಾವಣ), ನಂತರ ಶುದ್ಧ ನೀರಿನಿಂದ ತೊಳೆದು ಪೇಪರ್ ಪಾಯಿಂಟ್‌ಗಳಿಂದ ಒಣಗಿಸಿದೆ. ಆಲ್ಕೊಹಾಲ್‌ನಿಂದ ಒರೆಸಿದ ಪೋಸ್ಟ್‌ಗೆ ಸಿಲೇನ್ (ಗಾಜನ್ನು ರೆಸಿನ್‌ಗೆ ಬೆಸೆಯುವ ದ್ರವ) ಹಚ್ಚಿ 60 ಸೆಕೆಂಡ್ ಬಿಟ್ಟೆ. ಬೆಳಕಿನಿಂದಲೂ ತಾನಾಗಿಯೂ ಗಟ್ಟಿಯಾಗುವ ರೆಸಿನ್ ಸಿಮೆಂಟನ್ನು ಸಪೂರ ತುದಿಯ ಕೊಳವೆಯಿಂದ ತಳದಿಂದ ಮೇಲಕ್ಕೆ ತುಂಬಿ ಪೋಸ್ಟನ್ನು ಇಳಿಸಿದೆ. ಬೆಳಕು ತಲುಪದ ಆಳದಲ್ಲಿ ಸಿಮೆಂಟ್ ತಾನಾಗಿ ಬಿಗಿಯಲು ಸಮಯ ಕೊಟ್ಟ ಮೇಲಷ್ಟೇ ಕೋರ್‌ಗೆ ಬರ್ (ಹಲ್ಲು ಕೊರೆಯುವ ಯಂತ್ರದ ಮೊನೆ) ತಾಗಿಸಿದೆ.

ಒಂದು ವರ್ಷದ ನಂತರ ತೆಗೆದ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಮೂಳೆ ಆರೋಗ್ಯವಾಗಿದೆ, ಕ್ರೌನ್ ಅಲುಗಿಲ್ಲ. ಒಸಡಿನ ಅಂಚಿನ ನೆರಳು ಬಹುಪಾಲು ಹೋಗಿದೆ. ಹಳೆಯ ಲೋಹದಿಂದ ಬೇರಿನ ಡೆಂಟಿನ್‌ಗೇ ಹಿಡಿದಿದ್ದ ಕಲೆ ತುಸು ಉಳಿದಿದೆ ಎಂಬುದನ್ನು ರೋಗಿಗೆ ಮೊದಲೇ ತಿಳಿಸಿದ್ದೆ.