ಸಿನಿಮಾ ಪಕ್ಕಕ್ಕಿಟ್ಟು ನೋಡಿದ ‘ದಿ ಶೈನಿಂಗ್’

ಕಾದಂಬರಿ ಬರೆದವರಿಗೂ ಅದನ್ನು ಸಿನಿಮಾ ಮಾಡಿದವರಿಗೂ ನಡೆಯುವ ಜಗಳ ಚಿತ್ರದುರ್ಗದವರಿಗೆ ಹೊಸದಲ್ಲ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ಜನ ಮುಗಿಬಿದ್ದು ನೋಡಿದರು. ಬರೆದವರಿಗೆ ಮಾತ್ರ ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂದರಂತೆ.

ಭಯ ಹುಟ್ಟಿಸುವ ಕಥೆಗಳ ಅಮೆರಿಕನ್ ಲೇಖಕ ಸ್ಟೀಫನ್ ಕಿಂಗ್‌ಗೂ ಹೀಗೇ ಆಯಿತು. 1977ರ ಅವರ ‘ದಿ ಶೈನಿಂಗ್’ ಕಾದಂಬರಿಯನ್ನು ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ 1980ರಲ್ಲಿ ಸಿನಿಮಾ ಮಾಡಿದರು. ಸಿನಿಮಾ ದೊಡ್ಡ ಹೆಸರು ಮಾಡಿತು, ಕಿಂಗ್ ಮಾತ್ರ ಒಪ್ಪಲಿಲ್ಲ. ತ.ರಾ.ಸು.ಗೆ ಸಿಗದ ಅವಕಾಶ ಅವರಿಗೆ ಸಿಕ್ಕಿತು. 1997ರಲ್ಲಿ ಅಮೆರಿಕದ ಎಬಿಸಿ ವಾಹಿನಿ ಅದೇ ಕಥೆಯನ್ನು ಟಿವಿ ಸರಣಿ ಮಾಡಿದಾಗ ತಾವೇ ಚಿತ್ರಕಥೆ ಬರೆದರು. ಮಿಕ್ ಗ್ಯಾರಿಸ್ ನಿರ್ದೇಶನ, ಮೂರು ಕಂತು. ಕಾದಂಬರಿ ಹುಟ್ಟಲು ಕಾರಣವಾದ ಕೊಲರಾಡೋದ ಸ್ಟ್ಯಾನ್ಲಿ ಹೋಟೆಲಿನಲ್ಲೇ ಶೂಟಿಂಗ್.

ನಮ್ಮ ಗೆಳೆಯರ ಬಳಗದಲ್ಲಿ ಇದರ ಬಗ್ಗೆ ಮಾತಾಡುವ ಪಾಳಿ ನನ್ನದಾಗಿತ್ತು. ‘ಸಿನಿಮಾದ ಮುಂದೆ ಇದೇನೂ ಅಲ್ಲ ಬಿಡಿ’ ಅಂದುಬಿಟ್ಟರೆ ಕೆಲಸ ಮುಗೀತು, ಅಲ್ವಾ? ಹಾಗೆ ಮಾಡುವುದು ಬೇಡ ಅನಿಸಿತು. ಸಿನಿಮಾವನ್ನು ಆ ದಿನಗಳಲ್ಲಿ ಮುಟ್ಟಲಿಲ್ಲ. ಪ್ರಸಾರವಾದಾಗ ಜನ ನೋಡಿದ ಹಾಗೆ ರಾತ್ರಿಗೊಂದೇ ಕಂತು ನೋಡಿದೆ. ನಾಲ್ಕೂವರೆ ಗಂಟೆಯ ಸರಕನ್ನು ಒಂದೇ ಸಲ ನೋಡಿ ‘ಎಳೆದಿದ್ದಾರೆ’ ಅನ್ನುವುದು ನ್ಯಾಯ ಅಲ್ಲ. ಸಿನಿಮಾ ನೋಡಿರದ ಒಬ್ಬರು ಪಕ್ಕದಲ್ಲಿ ಇರಲಿ ಅಂತ ಅತ್ತಿಗೆಯನ್ನು ಕೂರಿಸಿಕೊಂಡೆ. ಇದು ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ.

ಮೊದಲ ಕಂತಿನಲ್ಲಿ ಭಯ ಹುಟ್ಟಿಸುವಂಥದ್ದು ಕಡಿಮೆ. ಚಳಿಗಾಲಕ್ಕೆ ಮುಚ್ಚಿದ ಬೆಟ್ಟದ ಹೋಟೆಲೊಂದನ್ನು ಕಾಯಲು ಹೆಂಡತಿ ಮಗನ ಜೊತೆ ಬಂದ ಜ್ಯಾಕ್ ಕುಡಿತ ಬಿಟ್ಟವನು. ಕುಡಿದ ಅಮಲಿನಲ್ಲಿ ಹಿಂದೊಮ್ಮೆ ಮಗನ ಕೈ ಮುರಿದವನು. ಈಗ ನೆಟ್ಟಗಿದ್ದಾನೆ, ಹೆಂಡತಿ ಮಗನ ಜೊತೆ ನಗುತ್ತಾನೆ. ನಾನು ದೆವ್ವ ಯಾವಾಗ ಬರುತ್ತೆ ಅಂತ ಕಾಯುತ್ತಿದ್ದೆ. ಅತ್ತಿಗೆ ಬೇರೆಯದನ್ನೇ ನೋಡುತ್ತಿದ್ದರು. “ನೋಡಪ್ಪ, ಕುಡಿಯೋದು ಬಿಟ್ಟಿದಾನೆ ಅಂತಾರೆ. ಆದ್ರೂ ಅವಳ ಕಣ್ಣೆಲ್ಲಾ ಅವನ ಕೈ ಮೇಲೇ ಐತೆ” ಅಂದರು. ಆಮೇಲೆ ನಾನೂ ಅದನ್ನೇ ನೋಡತೊಡಗಿದೆ. ಅವನು ಮಗನ ಹತ್ತಿರ ಹೋದಾಗ ಹೆಂಡತಿಯ ಪಾತ್ರ ಮಾಡಿದ ರೆಬೆಕಾ ಡಿಮಾರ್ನೆಯ ಮುಖ ಏನು ಮಾಡುತ್ತೆ ಅಂತ. ದೆವ್ವ ಬರುವ ಮೊದಲೇ ಆ ಮನೆಯಲ್ಲಿ ಭಯ ಇದೆ. ಒಳ್ಳೆಯವನಾಗಲು ಒದ್ದಾಡುವ ಮನುಷ್ಯ ನಿಧಾನಕ್ಕೆ ಜಾರುವುದನ್ನು ತೋರಿಸಲು ಇಷ್ಟು ಹೊತ್ತು ಬೇಕೇ ಬೇಕು. ಟಿವಿ ಅದನ್ನು ಕೊಟ್ಟಿದೆ. ಹೋಟೆಲನ್ನು ಬೆಚ್ಚಗಿಡುವ ನೆಲಮಾಳಿಗೆಯ ಬಾಯ್ಲರಿನದೂ ಅಷ್ಟೇ. ಅದರ ಒತ್ತಡವನ್ನು ಆಗಾಗ ಇಳಿಸದಿದ್ದರೆ ಸಿಡಿಯುತ್ತೆ ಅಂತ ಮೊದಲೇ ಹೇಳಿ, ಕೊನೆಯವರೆಗೂ ಕಾಯಿಸುತ್ತಾರೆ.

ಇನ್ನೊಂದು, ಜಾಹೀರಾತಿನ ವಿರಾಮ. ನಾನು ನೋಡಿದ್ದು ಡಿಸ್ಕಿನಲ್ಲಿ, ಜಾಹೀರಾತಿಲ್ಲ. ಆದರೆ ಪರದೆ ಕಪ್ಪಾಗುವ ಜಾಗಗಳು ಹಾಗೇ ಉಳಿದಿವೆ. ಪ್ರತಿ ಸಲ ಪೆನ್ನು ಹಿಡಿದು ಕೇಳಿಕೊಂಡೆ: ಇಲ್ಲಿ ನಿಜವಾಗಲೂ ಏನಾದರೂ ಆಯಿತಾ, ಅಥವಾ ಪ್ರೇಕ್ಷಕ ಚಾನೆಲ್ ಬದಲಿಸದಿರಲಿ ಅಂತ ಸುಮ್ನೆ ಬೆಚ್ಚಿಬೀಳಿಸಿದರಾ? (ನಮ್ಮ ಧಾರಾವಾಹಿಗಳಲ್ಲಿ ಅತ್ತೆಯ ಮುಖವನ್ನು ಮೂರು ಸಲ ಝೂಮ್ ಮಾಡುತ್ತಾರಲ್ಲ, ಅದರ ಅಣ್ಣತಮ್ಮಂದಿರು ಅಲ್ಲೂ ಇದ್ದಾರೆ.) 217ನೇ ಕೋಣೆಯ ದೃಶ್ಯ ಈ ಪರೀಕ್ಷೆಯಲ್ಲಿ ಗೆದ್ದಿತು. ಹುಡುಗ ಸ್ನಾನದ ತೊಟ್ಟಿಯ ಪರದೆಯ ಕಡೆ ಹೋಗುವಾಗ ಅತ್ತಿಗೆ ಸೆರಗಿನ ತುದಿ ಬಾಯಿಗಿಟ್ಟುಕೊಂಡಿದ್ದರು.

ಸೋತಿದ್ದೂ ಜಾಸ್ತಿಯೇ ಇದೆ. ಹೋಟೆಲಿನ ತೋಟದಲ್ಲಿ ಗಿಡ ಕತ್ತರಿಸಿ ಮಾಡಿದ ಪ್ರಾಣಿಗಳು ನಾವು ನೋಡದಿದ್ದಾಗ ಜಾಗ ಬದಲಿಸುವವರೆಗೂ ಚೆನ್ನ. ಕಂಪ್ಯೂಟರಿನಲ್ಲಿ ಅವು ಕಣ್ಣೆದುರೇ ನಡೆಯತೊಡಗಿದರೆ ನಗು ಬರುತ್ತೆ. ಮಗನಿಗೆ ಮಾತ್ರ ಕಾಣುವ ಟೋನಿ ಎಂಬ ಹುಡುಗ ಗಾಳಿಯಲ್ಲಿ ತೇಲುತ್ತಾ ಬರುವುದಂತೂ ಬೇಡವೇ ಬೇಡವಾಗಿತ್ತು. ಕಾಣದಿದ್ದಾಗಲೇ ಹೆದರಿಸುವಂಥದ್ದನ್ನು ತಂದು ಮುಂದೆ ನಿಲ್ಲಿಸಿದ್ದಾರೆ. ಇವು ಸಿನಿಮಾ ನೋಡಿರದವರಿಗೂ ಕಾಣುವ ತಪ್ಪುಗಳು. ಅತ್ತಿಗೆಗೆ ಕಂಡವು. ಹಾಗಾಗಿ ಪಟ್ಟಿಗೆ ಸೇರಿಸಿದೆ. ಜ್ಯಾಕ್ ಕೈಯಲ್ಲಿ ಸಿನಿಮಾದಲ್ಲಿದ್ದ ಕೊಡಲಿ ಬದಲು ಮರದ ಸುತ್ತಿಗೆ ಇದೆ ಅನ್ನುವ ದೂರನ್ನು ಮಾತ್ರ ಹೊಡೆದುಹಾಕಿದೆ. ಪುಸ್ತಕದಲ್ಲಿ ಇರುವುದೇ ಸುತ್ತಿಗೆ.

ಕೊನೆಯಲ್ಲಿ ಹತ್ತು ವರ್ಷ ದಾಟಿ, ಮಗ ಹೈಸ್ಕೂಲು ಮುಗಿಸುವ ಸಮಾರಂಭಕ್ಕೆ ಸತ್ತ ಅಪ್ಪ ಬಂದು ಗಾಳಿಯಲ್ಲಿ ಮುತ್ತು ಕಳಿಸುತ್ತಾನೆ. ಅತ್ತಿಗೆ ಕಣ್ಣೊರೆಸಿಕೊಂಡರು. ನನಗೆ ಪಾಯಸಕ್ಕೆ ಬೆಲ್ಲ ಜಾಸ್ತಿಯಾದ ಹಾಗಾಯಿತು. ಬಳಗದಲ್ಲಿ ಎರಡನ್ನೂ ಹೇಳಿದೆ. ಮೊದಲ ಎರಡು ಕಂತು ಪೂರ್ತಿ ನೋಡಿ, ಮೂರನೆಯದನ್ನು ಬಾಯ್ಲರ್ ಸಿಡಿದ ಮೇಲೆ ಆಫ್ ಮಾಡಿದರೂ ನಡೆಯುತ್ತೆ ಅಂದೆ. ಅತ್ತಿಗೆ ಇದಕ್ಕೆ ಒಪ್ಪಿಲ್ಲ.