ದುಡಿಯುವ ಮಗನಿಗೆ ಇನ್ಸುಲಿನ್ ಶುರುವಾದಾಗ

ಎರಡು ವರ್ಷದ ಹಿಂದೆ, ದಸರೆ ಕಳೆದ ಹೊಸದರಲ್ಲಿ, 27 ವರ್ಷದ ನನ್ನ ಮಗನ ಪ್ಯಾಂಟುಗಳು ಸೊಂಟದಲ್ಲಿ ನಿಲ್ಲದಾದವು. ಧಾರವಾಡದಿಂದ ಹುಬ್ಬಳ್ಳಿಗೆ ದಿನವೂ ಚಿಗರಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವ ಹುಡುಗ, ಓಡಾಟಕ್ಕೆ ಸೊರಗಿದ್ದಾನೆಂದು ನಾವು ತಿಳಿದೆವು. ರಾತ್ರಿ ನಾಲ್ಕೈದು ಸಲ ಎದ್ದು ಹೊರಗೆ ಹೋಗುವುದು, ಬಂದು ತಂಬಿಗೆ ತುಂಬ ನೀರು ಕುಡಿಯುವುದು ನಡೆದಾಗ ರಕ್ತ ಪರೀಕ್ಷೆ ಮಾಡಿಸಿದೆವು; ಸಕ್ಕರೆ 400 ದಾಟಿತ್ತು. ಮೊದಲು ತೋರಿಸಿದ ವೈದ್ಯರು, ತಂದೆಗೂ ಸಕ್ಕರೆ ಕಾಯಿಲೆ ಇದೆಯೆಂಬುದನ್ನು ಕೇಳಿ, ಅದೇ ಕಾಯಿಲೆಯೆಂದು ಭಾವಿಸಿ ಗುಳಿಗೆ ಬರೆದುಕೊಟ್ಟರು. ಮೂರು ವಾರದಲ್ಲಿ ವಾಂತಿ ಶುರುವಾಯಿತು, ಉಸಿರು ಆಳವಾಗಿ ಏದುಸಿರಾಯಿತು, ಬಾಯಿಂದ ಅತಿಯಾಗಿ ಕಳಿತ ಹಣ್ಣಿನಂಥ ವಾಸನೆ ಬರತೊಡಗಿತು. ದೊಡ್ಡ ಆಸ್ಪತ್ರೆಯಲ್ಲಿ ಐಸಿಯುಗೆ ಸೇರಿಸಿದ ಮೇಲೆ ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಉರಿಸಿಕೊಂಡಾಗ ಹುಟ್ಟುವ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಏರಿದೆಯೆಂದರು. ದೇಹ ತನ್ನ ಇನ್ಸುಲಿನ್ ಜೀವಕೋಶಗಳ ಮೇಲೆ ತಾನೇ ದಾಳಿ ಮಾಡುತ್ತಿದೆಯೇ ಎಂದು ನೋಡುವ ಜಿಎಡಿ ಆ್ಯಂಟಿಬಾಡಿ, ದೇಹದಲ್ಲಿ ಇನ್ನೂ ಎಷ್ಟು ಇನ್ಸುಲಿನ್ ತಯಾರಾಗುತ್ತಿದೆ ಎಂದು ತಿಳಿಸುವ ಸಿ-ಪೆಪ್ಟೈಡ್ ಎಂಬ ಎರಡು ಪರೀಕ್ಷೆಗಳಾದ ಬಳಿಕ ಇದು ಟೈಪ್ 1 ಎಂಬುದು ಖಚಿತವಾಯಿತು. ಟೈಪ್ 1 ಮಕ್ಕಳಿಗೆ ಮಾತ್ರ ಬರುವ ಕಾಯಿಲೆಯಲ್ಲ, ಮೂವತ್ತು ನಲವತ್ತರಲ್ಲೂ ಶುರುವಾಗಬಹುದು. ಆದ್ದರಿಂದ ತೆಳ್ಳಗಿನ ಹರೆಯದವರಿಗೆ ಗುಳಿಗೆಯಿಂದ ಸಕ್ಕರೆ ಇಳಿಯದೆ ತೂಕ ಮಾತ್ರ ಇಳಿಯುತ್ತಿದ್ದರೆ ಈ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ನೀವಾಗಿಯೇ ಕೇಳಿ.

ಮನೆಗೆ ಬಂದ ಮೊದಲ ವಾರವೇ ನಮ್ಮವರು ತಮ್ಮ ಹತ್ತು ವರ್ಷದ ಅನುಭವವನ್ನೆಲ್ಲ ಮಗನ ಮುಂದೆ ಹರವಿದರು: ಮೆಂತ್ಯದ ನೀರು, ಹಾಗಲಕಾಯಿ ರಸ, ಬೆಳಗಿನ ನಡಿಗೆ. ಒಂದೇ ಮನೆಯಲ್ಲಿ ಎರಡು ಬಗೆಯ ಸಕ್ಕರೆ ಕಾಯಿಲೆ ಇರುವಲ್ಲಿ ಈ ಗೊಂದಲ ಆಗಿಯೇ ಆಗುತ್ತದೆ. ತಂದೆಯ ದೇಹದಲ್ಲಿ ಇನ್ಸುಲಿನ್ ಇದೆ, ಅದು ಸರಿಯಾಗಿ ಕೆಲಸಕ್ಕೆ ಬರುತ್ತಿಲ್ಲ. ಮಗನ ದೇಹದಲ್ಲಾದರೆ ರೋಗದೊಡನೆ ಹೋರಾಡಬೇಕಾದ ಶಕ್ತಿಯೇ ತಪ್ಪು ತಿಳಿದು, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡಿದೆ. ಅವನು ಪೇಡೆ ತಿಂದಿದ್ದಕ್ಕೆ ಇದು ಬಂದಿಲ್ಲ, ನಾನು ಹೆಚ್ಚು ತಿನ್ನಿಸಿದ್ದಕ್ಕೂ ಅಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚುವವರೆಗೆ ಈ ಕಾಯಿಲೆಯವರನ್ನು ಹೆಚ್ಚು ದಿನ ಉಳಿಸಿಕೊಳ್ಳುವ ದಾರಿಯೇ ವೈದ್ಯರಲ್ಲಿ ಇರಲಿಲ್ಲ ಎಂಬುದನ್ನು ಕೇಳಿದ ಮೇಲೆ ನಮ್ಮವರು ಹಾಗಲಕಾಯಿಯ ಮಾತು ನಿಲ್ಲಿಸಿದರು.

ಮನೆಯವರು ಮೋಸಹೋಗುವುದು ಮುಂದಿನ ಎರಡು ಮೂರು ತಿಂಗಳಲ್ಲಿ. ಇನ್ಸುಲಿನ್ ಶುರುಮಾಡಿದ ಮೇಲೆ, ಉಳಿದಿರುವ ಅಲ್ಪಸ್ವಲ್ಪ ಜೀವಕೋಶಗಳು ಚೇತರಿಸಿಕೊಂಡು ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು, ತಾವೂ ಸ್ವಲ್ಪ ಕೆಲಸ ಮಾಡುತ್ತವೆ. ಆಗ ಇನ್ಸುಲಿನ್ ಪ್ರಮಾಣ ಬಹಳ ಇಳಿಯುತ್ತದೆ. ವೈದ್ಯರು ಇದನ್ನು ಹನಿಮೂನ್ ಎನ್ನುತ್ತಾರೆ, ಎಂಥ ಹೆಸರಿಟ್ಟರೋ! ನಮ್ಮ ಬೀಗರೊಬ್ಬರು ಇದೇ ಹೊತ್ತಿಗೆ ಬೇರಿನ ಪುಡಿಯೊಂದನ್ನು ತಂದುಕೊಟ್ಟಿದ್ದರು. ಪುಡಿ ಡಬ್ಬಿಯಲ್ಲೇ ಇತ್ತು, ಇನ್ಸುಲಿನ್ ಅರ್ಧಕ್ಕಿಳಿಯಿತು. ಮಗ ಅದನ್ನು ತೆಗೆದುಕೊಂಡಿದ್ದರೆ ಕೀರ್ತಿಯೆಲ್ಲ ಪುಡಿಗೆ ಸಲ್ಲುತ್ತಿತ್ತು, ಅದರ ಮೇಲಿನ ಭರವಸೆಯಿಂದ ಇನ್ಸುಲಿನ್ ಬಿಟ್ಟಿದ್ದರೆ ಮತ್ತೆ ಐಸಿಯು ಕಾಣುತ್ತಿದ್ದೆವು. ಪ್ರಮಾಣ ಇಳಿದಾಗ ವೈದ್ಯರಿಗೆ ತಿಳಿಸಿ ಅವರು ಹೇಳಿದಷ್ಟನ್ನು ತಪ್ಪದೆ ಮುಂದುವರಿಸಬೇಕು.

ಇನ್ನು ಅಡಿಗೆಮನೆಗೆ ಬರೋಣ, ಏಕೆಂದರೆ ತಾಯಿಯಾದವಳ ಕೈ ಹೆಚ್ಚು ನಡೆಯುವುದು ಅಲ್ಲಿಯೇ. ಜೋಳದ ರೊಟ್ಟಿ ತಿಂದರೆ ಸಕ್ಕರೆ ಏರುವುದಿಲ್ಲವೆಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅನ್ನಕ್ಕಿಂತ ನಿಧಾನವಾಗಿ ಏರಬಹುದು, ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೊಹೈಡ್ರೇಟ್, ಅಂದರೆ ಮೈಯಲ್ಲಿ ಸಕ್ಕರೆಯಾಗುವ ಪಿಷ್ಟ, ಇರುತ್ತದೆ, ಮತ್ತು ಅದಕ್ಕೆ ತಕ್ಕಷ್ಟು ಇನ್ಸುಲಿನ್ ಬೇಕೇ ಬೇಕು. ಮಗನಿಗೆ ವೈದ್ಯರು ಹಾಕಿಕೊಟ್ಟ ಲೆಕ್ಕ 12 ಗ್ರಾಂ ಕಾರ್ಬ್‌ಗೆ 1 ಯೂನಿಟ್. ಇದು ಒಬ್ಬೊಬ್ಬರಿಗೆ ಒಂದೊಂದು ಇರುವುದರಿಂದ ನಿಮ್ಮ ಮಕ್ಕಳ ಲೆಕ್ಕವನ್ನು ಅವರ ವೈದ್ಯರಿಂದಲೇ ಪಡೆಯಬೇಕು. ಮೂವತ್ತು ವರ್ಷ ರೊಟ್ಟಿ ಬಡಿದ ಕೈ ನನ್ನದು, ಎಲ್ಲವೂ ಒಂದೇ ಅಳತೆಯವೆಂಬ ಹೆಮ್ಮೆಯೂ ಇತ್ತು. ಮಗ ಸಣ್ಣದೊಂದು ತಕ್ಕಡಿ ತಂದು ಒಲೆಯ ಪಕ್ಕದಲ್ಲಿಟ್ಟ. ಬಡಿಯಲು ಇಟ್ಟಿದ್ದ ಮೂರು ಹಿಟ್ಟಿನ ಉಂಡೆಗಳನ್ನು ತೂಗಿದರೆ ಒಂದು 82 ಗ್ರಾಂ, ಇನ್ನೊಂದು 104, ಮತ್ತೊಂದು 126. ಚಿಕ್ಕದಕ್ಕೂ ದೊಡ್ಡದಕ್ಕೂ ಇರುವ ವ್ಯತ್ಯಾಸವೊಂದೇ ಅವನಿಗೆ ಒಂದು ಯೂನಿಟ್‌ಗಿಂತ ಹೆಚ್ಚಾಗುತ್ತಿತ್ತು. ಈಗ ನಾನು ನಾದುವ ಮೊದಲು 500 ಗ್ರಾಂ ಹಿಟ್ಟು ತೂಗಿಕೊಂಡು, ನಾದಿದ್ದನ್ನು ಹತ್ತು ಸಮನಾದ ಉಂಡೆ ಮಾಡುತ್ತೇನೆ. ರೊಟ್ಟಿಯೊಂದಕ್ಕೆ 35 ಗ್ರಾಂ ಕಾರ್ಬ್ ಎಂದು ಅವನು ಲೆಕ್ಕ ಹಿಡಿಯುತ್ತಾನೆ. ಕಟಕ ರೊಟ್ಟಿ ತೆಳ್ಳಗಿರುವುದರಿಂದ ಅದರ ಲೆಕ್ಕವನ್ನು ಬೇರೆ ಮಾಡಬೇಕು. ಝುಣಕ, ಕಾಳುಪಲ್ಯಗಳಲ್ಲಿಯೂ ಕಾರ್ಬ್ ಇರುತ್ತದೆ ಎಂಬುದನ್ನು ಮರೆಯಬಾರದು. ಸೊಪ್ಪಿನ ಪಲ್ಯಕ್ಕೆ, ಹಸಿ ಸೌತೆಕಾಯಿಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಬಡಿಸುವ ರೀತಿಯನ್ನೂ ನಾನು ಬದಲಿಸಿಕೊಳ್ಳಬೇಕಾಯಿತು, ಅದೇ ಹೆಚ್ಚು ಕಷ್ಟವಾದದ್ದು. ಊಟಕ್ಕೆ ಮೊದಲು ಇನ್ಸುಲಿನ್ ತೆಗೆದುಕೊಂಡವನನ್ನು, ಬಿಸಿ ರೊಟ್ಟಿ ಹಾಕುತ್ತೇನೆ, ಹತ್ತು ನಿಮಿಷ ತಡಿ ಎಂದು ಕಾಯಿಸುವಂತಿಲ್ಲ. ಔಷಧ ತನ್ನ ಕೆಲಸ ಶುರುಮಾಡಿರುತ್ತದೆ. ಪೂಜೆ ಮುಗಿದಿಲ್ಲ, ನೆಂಟರು ಬಂದಿಲ್ಲ ಎಂಬ ಕಾರಣಗಳೂ ಸಲ್ಲವು. ಹಾಗೆಯೇ ಎದ್ದೇಳುವ ಹೊತ್ತಿಗೆ ಇನ್ನೊಂದು ಅರ್ಧ ರೊಟ್ಟಿಯನ್ನು ಒತ್ತಾಯದಿಂದ ತಾಟಿಗೆ ಹಾಕುವ ನಮ್ಮ ಪ್ರೀತಿಯೂ ಅವನ ಲೆಕ್ಕವನ್ನು ಕೆಡಿಸುತ್ತದೆ. ಎಷ್ಟು ತಿನ್ನುತ್ತೀ ಎಂಬುದನ್ನು ಕುಳಿತುಕೊಳ್ಳುವ ಮೊದಲೇ ಕೇಳಿಬಿಡಿ.

ಸಕ್ಕರೆ ಏರುವುದಕ್ಕಿಂತ ತಟ್ಟನೆ ಇಳಿಯುವುದು ಮನೆಯವರಿಗೆ ಹೆಚ್ಚು ಗಾಬರಿಯ ಸಂಗತಿ. ಮೈ ಬೆವರುವುದು, ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ಕಾರಣವಿಲ್ಲದೆ ಸಿಡಿಮಿಡಿಗೊಳ್ಳುವುದು ಅದರ ಲಕ್ಷಣಗಳು. 70ಕ್ಕಿಂತ ಕೆಳಗಿಳಿದರೆ 15 ಗ್ರಾಂನಷ್ಟು ಗ್ಲುಕೋಸ್ ಪುಡಿಯನ್ನೋ, ಮೂರು ಚಹಾ ಚಮಚ ಸಕ್ಕರೆಯನ್ನೋ ನೀರಿನಲ್ಲಿ ಕಲಸಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರಿರದಿದ್ದರೆ ಮತ್ತೊಮ್ಮೆ ಕೊಡಬೇಕು. ಧಾರವಾಡದವಳಾದ ನಾನು ಮೊದಲು ಅವನ ಚೀಲದಲ್ಲಿ ನಾಲ್ಕು ಪೇಡೆ ಕಟ್ಟಿಡುತ್ತಿದ್ದೆ. ಪೇಡೆಯಲ್ಲಿ ಹಾಲಿನ ಕೊಬ್ಬಿರುವುದರಿಂದ ಅದರೊಳಗಿನ ಸಕ್ಕರೆ ರಕ್ತಕ್ಕೆ ಸೇರುವುದು ತಡ, ಚಾಕಲೇಟಿನದೂ ಅದೇ ಕಥೆ ಎಂದು ಆಹಾರ ತಜ್ಞೆ ತಿಳಿಸಿದ ಮೇಲೆ ಪೇಡೆಯ ಜಾಗಕ್ಕೆ ಗ್ಲುಕೋಸ್ ಪೊಟ್ಟಣ ಬಂತು. ಅದೂ ಒಳ್ಳೆಯದಾಯಿತು: ಒಂದು ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಬೆವರಿಳಿದಾಗ ಪೊಟ್ಟಣ ಹರಿದು ಬಾಯಿಗೆ ಸುರಿದುಕೊಂಡು, ಮನೆಗೆ ಬಂದ ಮೇಲಷ್ಟೇ ನಮಗೆ ಹೇಳಿದ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಮಗ್ಗಲಿಗೆ ಮಲಗಿಸಿ, ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಅನ್ನು ವೈದ್ಯರು ಕೊಡಿಸಿದ್ದರೆ ಅದನ್ನು ಹಾಕಿ, 108ಕ್ಕೆ ಕರೆಮಾಡಬೇಕು. ಈ ಇಂಜೆಕ್ಷನ್ ಹಾಕುವುದನ್ನು ಮನೆಯಲ್ಲಿ ಇಬ್ಬರಾದರೂ ಮುಂಚಿತವಾಗಿ ಕಲಿತಿರಲಿ.

ಇನ್ಸುಲಿನ್ ದಾಸ್ತಾನು ನೋಡಿಕೊಳ್ಳುವುದನ್ನು ನಾನು ವಹಿಸಿಕೊಂಡಿದ್ದೇನೆ. ತೆರೆಯದ ಬಾಟಲಿಗಳು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಹಿಂಬದಿಯ ಗೋಡೆಗೆ ತಾಗಿಸಿಟ್ಟರೆ ಹೆಪ್ಪುಗಟ್ಟುವ ಸಂಭವವಿದೆ, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬಳಕೆಗೆ ಬಾರದು. ಬಳಕೆಯಲ್ಲಿರುವುದು ಹೊರಗಿದ್ದರೂ ನಡೆಯುತ್ತದೆ, ಸಾಮಾನ್ಯವಾಗಿ 28 ದಿನ, ಆದರೆ ಬಿಸಿಲಿಗೆ ಬೀಳಬಾರದು. ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನವೆಲ್ಲ ಕರೆಂಟು ಹೋದಾಗ ದೊಡ್ಡ ಮಣ್ಣಿನ ಗಡಿಗೆಯಲ್ಲಿ ಹಸಿ ಮರಳು ಹಾಕಿ, ಅದರೊಳಗೆ ಚಿಕ್ಕ ಗಡಿಗೆಯಿಟ್ಟು, ಬಾಟಲಿಯನ್ನು ಒಣ ಡಬ್ಬಿಯಲ್ಲಿ ಮುಚ್ಚಿ ಅದರಲ್ಲಿ ಇಡುತ್ತೇನೆ. ಸ್ಕೂಟರಿನ ಸೀಟಿನಡಿಯಲ್ಲಿ ಮಾತ್ರ ಎಂದಿಗೂ ಇಡಬೇಡಿ.

ಸಿರಿಂಜಿನ ವಿಷಯದಲ್ಲಿ ನಮಗೊಂದು ಪೆಟ್ಟು ಬಿದ್ದಿದೆ. ನಮ್ಮ ದೇಶದಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಟೋಪಿಯ ಸಿರಿಂಜು. 100 ಯೂನಿಟ್‌ನದಕ್ಕೆ ಕಿತ್ತಳೆ ಟೋಪಿಯದು. ಮೊದಲ ತಿಂಗಳು ಔಷಧದ ಅಂಗಡಿಯೊಂದರಲ್ಲಿ 40ರ ಬಾಟಲಿಯೊಡನೆ ಕಿತ್ತಳೆ ಟೋಪಿಯ ಸಿರಿಂಜು ಕೊಟ್ಟರು, ನಾವೂ ನೋಡದೆ ತಂದೆವು. 10ರ ಗೆರೆಯವರೆಗೆ ಎಳೆದರೂ ಮೈಗೆ ಹೋಗುತ್ತಿದ್ದದ್ದು 4 ಯೂನಿಟ್ ಮಾತ್ರ. ಎರಡು ದಿನ ಸಕ್ಕರೆ 300ರಿಂದ ಇಳಿಯಲಿಲ್ಲ. ಇದು ತಿರುಗುಮುರುಗಾದರೆ, ಅಂದರೆ 100ರ ಬಾಟಲಿಗೆ ಕೆಂಪು ಟೋಪಿಯದನ್ನು ಬಳಸಿದರೆ, ಎರಡೂವರೆ ಪಟ್ಟು ಹೆಚ್ಚು ಹೋಗಿ ಜೀವಕ್ಕೇ ಅಪಾಯ. ಬಾಟಲಿಯ ಮೇಲಿನ ಅಂಕಿಯನ್ನೂ ಟೋಪಿಯ ಬಣ್ಣವನ್ನೂ ಅಂಗಡಿಯ ಕಟ್ಟೆಯ ಮೇಲೆಯೇ ಹೊಂದಿಸಿ ನೋಡಿ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಆಸ್ಪತ್ರೆಗೆ ಹೋದಾಗ ಒಪ್ಪಿಸಿ. ಕಸದ ಗಾಡಿಯವರ ಕೈಗೆ ಚುಚ್ಚಬಾರದು.

ಜ್ವರ ಬಂದಾಗ, ಹೊಟ್ಟೆ ಕೆಟ್ಟಾಗ ಊಟವೇ ಇಲ್ಲ, ಇನ್ಸುಲಿನ್ ಯಾಕೆ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು. ದಿನವಿಡೀ ಕೆಲಸ ಮಾಡುವ ಮೂಲ ಇನ್ಸುಲಿನ್ ಉಪವಾಸವಿದ್ದರೂ ಬೇಕು. ಕಾಯಿಲೆ ಬಿದ್ದಾಗ ಅದರ ಅಗತ್ಯ ಹೆಚ್ಚುವುದೂ ಉಂಟು. ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿಗಳು ಮನೆಯಲ್ಲಿರಲಿ, ಕುಡಿದ ನೀರೂ ನಿಲ್ಲದಂತೆ ವಾಂತಿಯಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ಶ್ರಾವಣ ಸೋಮವಾರ, ಶಿವರಾತ್ರಿಯ ಉಪವಾಸಗಳ ಬಗ್ಗೆ ವೈದ್ಯರನ್ನು ಮೊದಲೇ ಕೇಳುವುದು ಒಳ್ಳೆಯದು. ನಾನಂತೂ ಅವನ ಪಾಲಿನದನ್ನೂ ನಾನೇ ಮಾಡುತ್ತೇನೆಂದು ದೇವರಿಗೆ ಹೇಳಿಕೊಂಡಿದ್ದೇನೆ.

ಮಗ ಚಿಕ್ಕವನಾಗಿದ್ದರೆ ಇದನ್ನೆಲ್ಲ ನಾವೇ ಮಾಡುತ್ತಿದ್ದೆವು. ಬೆಳೆದವನಾದ್ದರಿಂದ ಎಲ್ಲಿಯವರೆಗೆ ಕೈ ಹಾಕಬೇಕು, ಎಲ್ಲಿ ಹಿಂದೆಗೆಯಬೇಕು ಎಂಬುದು ನನಗೆ ಬಹಳ ದಿನ ತಿಳಿಯಲಿಲ್ಲ. ಅವನು ಬೂಟು ಬಿಚ್ಚುವ ಮೊದಲೇ ಎಷ್ಟು ಬಂತೆಂದು ಕೇಳುತ್ತಿದ್ದೆ, 250 ಎಂದರೆ ಮುಖ ಸಪ್ಪಗೆ ಮಾಡುತ್ತಿದ್ದೆ, ಏನು ತಿಂದೆ ಎಂದು ವಿಚಾರಣೆ ನಡೆಸುತ್ತಿದ್ದೆ. ಕೆಲವು ದಿನದಲ್ಲಿ ಅವನು ಮೀಟರನ್ನು ಚೀಲದಿಂದ ಹೊರಗೆ ತೆಗೆಯುವುದನ್ನೇ ಬಿಟ್ಟ. ಒಂದು ರಾತ್ರಿ, ‘ಅವ್ವಾ, ಎಷ್ಟ್ ಬಂತು ಅಂತ ಕೇಳಬ್ಯಾಡ, ಊಟ ಆತೇನು ಅಂತ ಕೇಳು, ಮೊದಲ ಹಂಗ ಕೇಳತಿದ್ದೆಲ್ಲಾ’ ಎಂದ. ಅಂದಿನಿಂದ ಕೇಳುವುದನ್ನು ಬಿಟ್ಟಿದ್ದೇನೆ. ಸಕ್ಕರೆ ಏರಲು ನಿದ್ದೆಗೇಡು, ಕೆಲಸದ ಒತ್ತಡ, ಶೀತ, ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಚರ್ಮದಡಿಯಲ್ಲಿ ಗಂಟಾಗುವುದು, ಹೀಗೆ ಹತ್ತು ಕಾರಣಗಳಿರುತ್ತವೆ. ಮೀಟರಿನ ಅಂಕಿ ಅವನಿಗೆ ಸುದ್ದಿ ಇದ್ದಂತೆ, ಪರೀಕ್ಷೆಯ ಮಾರ್ಕ್ಸ್ ಅಲ್ಲ. ವೈದ್ಯರಲ್ಲಿಗೆ ಅವನೊಬ್ಬನೇ ಹೋಗುತ್ತಾನೆ, ಕರೆದರೆ ನಾನೂ ಹೋಗುತ್ತೇನೆ. ಆದರೆ ಅವನು ಇನ್ಸುಲಿನ್ ಬಿಡುತ್ತಿದ್ದಾನೆಂಬ ಅನುಮಾನ ಬಂದರೆ ಸುಮ್ಮನಿರುವುದಿಲ್ಲ ಎಂಬುದನ್ನೂ ಅವನಿಗೆ ಮುಖಾಮುಖಿ ಹೇಳಿದ್ದೇನೆ. ಯಾರಿಗೆ ಹೇಳಬೇಕು, ಹೆಣ್ಣಿನ ಕಡೆಯವರಿಗೆ ಯಾವಾಗ ತಿಳಿಸಬೇಕು ಎಂಬುದೂ ಅವನದೇ ತೀರ್ಮಾನ. ಮುಚ್ಚಿಟ್ಟು ಮದುವೆ ಮಾಡುವುದಿಲ್ಲ ಎಂಬುದರಲ್ಲಿ ಮಾತ್ರ ನಮ್ಮಿಬ್ಬರದೂ ಒಂದೇ ಮಾತು.

ಪಂಚಮಿ ಬಂದಾಗ ಆ ವರ್ಷ ಉಂಡಿ ಕಟ್ಟುವುದೇ ಬೇಡವೆಂದಿದ್ದೆ. ಕಟ್ಟದಿದ್ದರೆ ತಾನೇ ಅಂಗಡಿಯಿಂದ ತರುತ್ತೇನೆಂದು ಮಗ ಹಟ ಹಿಡಿದ, ಅಂಗಡಿಯದರ ಲೆಕ್ಕ ಯಾರಿಗೆ ಗೊತ್ತು? ಶೇಂಗಾ ಬೆಲ್ಲ ಸಮ ತೂಕ ಹಾಕಿ, ತಕ್ಕಡಿಯ ಮೇಲೆ ಒಂದೊಂದನ್ನೂ 40 ಗ್ರಾಂಗೆ ತೂಗಿ ಕಟ್ಟಿದೆ. ಡಬ್ಬಿಯ ಮುಚ್ಚಳಕ್ಕೆ ಅವನೇ ಚೀಟಿ ಅಂಟಿಸಿದ: ಒಂದಕ್ಕೆ 22 ಗ್ರಾಂ ಕಾರ್ಬ್. ಈಗ ಚಕ್ಕುಲಿ ಡಬ್ಬಿಗೂ ಅವಲಕ್ಕಿ ಡಬ್ಬಿಗೂ ಅಂಥವೇ ಚೀಟಿಗಳಿವೆ, ಉಂಡಿ ತೆಗೆದುಕೊಳ್ಳುವಾಗ ನಮ್ಮವರೂ ಕನ್ನಡಕ ಏರಿಸಿ ಓದುತ್ತಾರೆ.